ತಕರಾರು ಗವಿಸಿದ್ದಪ್ಪ ಸುಮ್ಮನಿದ್ದ ದಿನ

ಕರಿಬನ್ನಿಹಾಳದ ಗವಿಸಿದ್ದಪ್ಪನನ್ನು ಹುಡುಕಿಕೊಂಡು ಬಂದವರು ಯಲಬುರ್ಗಾದ ಸಂತೆಯಲ್ಲಿ ಬರೀ ಹೆಸರು ಹೇಳಿದರೆ ಕೆಲಸವಾಗುತ್ತಿರಲಿಲ್ಲ. ಈ ಸೀಮೆಯಲ್ಲಿ ಕಣ್ಣುಮುಚ್ಚಿ ಕಲ್ಲೆಸೆದರೆ ಅದು ಒಬ್ಬ ಗವಿಸಿದ್ದಪ್ಪನಿಗೇ ಬೀಳುತ್ತದೆ. ಹೆಸರಿನ ಹಿಂದೆ 'ತಕರಾರು' ಎಂದು ಸೇರಿಸಿದರೆ ಸಾಕು, ಕೇಳಿದವರು ಒಮ್ಮೆ ನಕ್ಕು, "ಅಂವನ ಹಂತೇಕ ಏನ ಕೆಲಸ ಇಟ್ಕೊಂಡೀರಿ? ನೀವು ಹೋಗಿ ಮುಟ್ಟೂದರೊಳಗ ಅದೂ ಕೆಡತೈತಿ ಬಿಡ್ರಿ" ಎಂದು ದಾರಿ ತೋರಿಸುತ್ತಿದ್ದರು.

ಮನುಷ್ಯ ಕೆಟ್ಟವನಲ್ಲ. ಸೋಮಾರಿಯೂ ಅಲ್ಲ. ಎರೆಹೊಲದಲ್ಲಿ ಬಿಳಿಜೋಳ, ಕಡಲೆ ಬೆಳೆದು, ಎತ್ತುಗಳನ್ನು ಮಕ್ಕಳಂತೆ ನೋಡಿಕೊಂಡು, ಯಾರ ಗೊಡವೆಗೂ ಹೋಗದೆ ಹಗಲು ಕಳೆಯುತ್ತಿದ್ದ. ತೊಂದರೆ ಶುರುವಾಗುತ್ತಿದ್ದದ್ದು ಸಂಜೆಗೆ. ಹನುಮಪ್ಪನ ಗುಡಿಯ ಮುಂದೆ ಊರಿನ ನಟ್ಟನಡುವೆ ಒಂದು ಕಲ್ಲಿನ ಕಟ್ಟೆ ಇತ್ತು. ಅದರ ಮೂಲೆಯ ಕಲ್ಲು ಗವಿಸಿದ್ದಪ್ಪನ ಮನೆತನದ್ದು. ಹಾಗೆಂದು ಯಾರೂ ಬರೆದುಕೊಟ್ಟಿರಲಿಲ್ಲ. ಅಜ್ಜ ಅಲ್ಲಿ ಕೂತು ತಕರಾರು ತೆಗೆದಿದ್ದ, ಅಪ್ಪ ತೆಗೆದಿದ್ದ, ಈಗ ಇವನು ತೆಗೆಯುತ್ತಿದ್ದ. ಮೂರು ತಲೆಮಾರಿನ ಕುಂಡಿ ಸವೆಸಿ ಸವೆಸಿ ಆ ಕಲ್ಲು ಗುಡಿಯೊಳಗಿನ ಹನುಮಪ್ಪನಿಗಿಂತ ನುಣುಪಾಗಿತ್ತು.

ಊರಿನ ಕೆಲಸಗಳೆಲ್ಲ ಆ ಕಟ್ಟೆಯ ಮೇಲೆಯೇ ತೀರ್ಮಾನವಾಗಬೇಕು. ಅದಕ್ಕೊಂದು ಪದ್ಧತಿ ಇತ್ತು. ಮಾತೆಲ್ಲ ಮುಗಿದ ಮೇಲೆ ಹಿರಿಯರು ಎದ್ದು ನಿಂತು, "ಯಾರದಾರ ತಕರಾರ ಐತೇನ್ರಪಾ?" ಎಂದು ಮೂರು ಸಲ ಕೂಗುವುದು. ಯಾರೂ ಮಾತಾಡದಿದ್ದರೆ ಎಲೆ-ಅಡಿಕೆಯ ತಟ್ಟೆ ಸುತ್ತು ಹಾಕುವುದು. ಎಲೆ-ಅಡಿಕೆ ಬಾಯಿಗೆ ಬಿದ್ದ ಮೇಲೆ ಬ್ರಹ್ಮ ಬಂದರೂ ಮಾತು ತೆಗೆಯುವಂತಿಲ್ಲ. ಎಲೆ ಅಗಿಯುತ್ತ ತಕರಾರು ತೆಗೆದವನು ಊರಿಗೆ ಎರಡು ನಾಲಿಗೆಯವನು. ಈ ಪದ್ಧತಿಯಲ್ಲಿ ಅಜ್ಜನ ಕಾಲದಿಂದಲೂ ಒಂದೇ ತೊಡಕು. ಮೊದಲನೆಯ ಕೂಗು ಮುಗಿಯುವ ಮೊದಲೇ ಮೂಲೆಯ ಕಲ್ಲಿನಿಂದ, "ನಂದೊಂದು ಮಾತೈತ್ರಿ" ಎಂಬ ದನಿ ಏಳುತ್ತಿತ್ತು.

ಎಪ್ಪತ್ತರ ದಶಕದ ಮೊದಲಿಗೆ ಊರಿಗೆ ಕರೆಂಟು ಕೊಡುತ್ತೇವೆಂದು ಕಂಬ ತಂದರು. ಆಗಿನ್ನೂ ಮೀಸೆ ಸರಿಯಾಗಿ ಬಲಿಯದ ಗವಿಸಿದ್ದಪ್ಪ ಅಪ್ಪನ ಕಲ್ಲಿನ ಮೇಲೆ ಹೊಸದಾಗಿ ಕೂತಿದ್ದ. "ಅಲ್ರೀ, ಕಂಬ ಅಂದಮ್ಯಾಲೆ ಎತ್ತು ಮೈ ತಿಕ್ಕತಾವು. ತಿಕ್ಕಿದಾಗ ಕರೆಂಟ್ ಹೊಡದು ಸತ್ರ ಎತ್ತು ಯಾರ ಕೊಡತಾರ?" ಎಂದ. ಎತ್ತಿನ ಮಾತು ಬಂದರೆ ನಮ್ಮ ಜನ ಹೆಂಡತಿಯ ಮಾತೂ ಕೇಳುವುದಿಲ್ಲ. ಚರ್ಚೆ ಬೆಳೆಯಿತು. ಕಂಬದವರು ನೋಡುವಷ್ಟು ನೋಡಿ, ನೀವು ಒಮ್ಮತಕ್ಕೆ ಬಂದ ಮೇಲೆ ಹೇಳಿಕಳಿಸಿ ಎಂದು ಪಕ್ಕದೂರಿಗೆ ಹೋದರು. ಒಂದು ಮಳೆಗಾಲ ಪೂರ್ತಿ ಕರಿಬನ್ನಿಹಾಳದವರು ಪಕ್ಕದೂರಿನ ಬೆಳಕು ನೋಡುತ್ತ ಕತ್ತಲಲ್ಲಿ ಉಂಡರು.

ಆಮೇಲೆ ಗುಡಿಯ ಮುಂದೆ ಹಾಕಲು ಕೈಪಂಪು ಬಂತು. ಬೋರು ಕೊರೆಯುವ ಲಾರಿ ಊರ ಮುಂದೆ ಬಂದು ನಿಂತಿತ್ತು. ಗವಿಸಿದ್ದಪ್ಪ ಎದ್ದು, "ನೀರ ಹೊಡಿಯೋರು ಬಗ್ಗತಾರ. ಬಗ್ಗಿದ್ರ ಹಿಂದಿಂದು ಹನುಮಪ್ಪನ ಕಡೆ ಬರತೈತಿ. ದೇವರಿಗೆ ಏನು ತೋರಸೂದು ಅದು?" ಎಂದ. ಮಾತು ಖರೆ ಎನ್ನಿಸಿತು. ಹಿಡಿಕೆಯನ್ನು ಆ ಕಡೆ ತಿರುಗಿಸೋಣ ಎಂದರು. ಆ ಕಡೆ ದುರುಗವ್ವನ ಗುಡಿ. ಈ ಕಡೆ ಎಂದರು; ಈ ಕಡೆ ಊರಿನ ದೊಡ್ಡ ಕುಳ ಅಮರಪ್ಪನವರ ತಲಬಾಗಿಲು. ದೇವರಿಗೂ ದೊಡ್ಡವರಿಗೂ ಅಂಡು ತೋರಿಸದ ದಿಕ್ಕು ಭೂಮಿಯ ಮೇಲೆ ಎಲ್ಲಿದೆ? ದಿಕ್ಕು ಸಿಗುವಷ್ಟರಲ್ಲಿ ಲಾರಿಯವನಿಗೆ ಬೇರೆ ಊರು ಸಿಕ್ಕಿತ್ತು.

ಆ ಬೇಸಿಗೆಯೆಲ್ಲ ಗವಿಸಿದ್ದಪ್ಪನ ಹೆಂಡತಿ ಯಂಕವ್ವ ಹಳ್ಳದಿಂದ ನೀರು ಹೊತ್ತಳು. ಹೊತ್ತು ತಂದ ಕೊಡವನ್ನು ಸುಮ್ಮನೆ ಇಳಿಸುವ ಹೆಂಗಸಲ್ಲ ಅವಳು. ಗಂಡನ ಎದುರಿಗೆ ದಬ್ಬೆಂದು ಇಟ್ಟು, "ತಗೋ, ಹನುಮಪ್ಪನ ಮರ್ಯಾದಿ. ಒಂದ ಕೊಡ" ಎನ್ನುವಳು. ಮತ್ತೆ ಹೋಗಿ ಬಂದು, "ತಗೋ, ಇದು ದುರುಗವ್ವಂದು." ಗವಿಸಿದ್ದಪ್ಪ ಇಡೀ ಊರಿನ ಮಾತಿಗೆ ಎದುರು ಮಾತು ಇಟ್ಟವನು, ಆ ಕೊಡ ಕಂಡರೆ ಮಾತ್ರ ಎತ್ತಿನ ಮೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋಗುತ್ತಿದ್ದ.

ಎಂಬತ್ತೇಳರಲ್ಲಿ ಮಂಡಲ ಪಂಚಾಯಿತಿ ಬಂತು. ಅದೇ ಅಮರಪ್ಪ ಚುನಾವಣೆಯಲ್ಲಿ ಗೆದ್ದು ಮಂಡಲದ ಪ್ರಧಾನನಾದ, ಇಸ್ತ್ರಿ ಧೋತರ ಉಡತೊಡಗಿದ. ಹೆಣ್ಣುಮಕ್ಕಳಿಗೆಂದು ಇಟ್ಟ ಜಾಗದಲ್ಲಿ ಬಸವಣ್ಣೆಮ್ಮ ಎಂಬ ಗಟ್ಟಿಗಿತ್ತಿ ಮೆಂಬರಾದಳು. ಮೆಂಬರಿಕೆ ನಡೆಸುವವನು ಅವಳ ಗಂಡ ಎಂದು ಊರೆಲ್ಲ ತಿಳಿದಿತ್ತು. ಬಸವಣ್ಣೆಮ್ಮ ಮಾತ್ರ ಹಾಗೆ ತಿಳಿದಿರಲಿಲ್ಲ. ಊರಿಗೆ ಏನು ಬೇಕು ಎಂಬುದನ್ನು ಇನ್ನು ಮೇಲೆ ಊರಿನವರೇ ಸಭೆ ಕೂಡಿ ಹೇಳಬೇಕು, ಮಂಡಲ ಅದನ್ನು ಮಾಡಬೇಕು ಎಂದು ಕಾಯಿದೆ ಬಂದಿದೆಯಂತೆ ಎಂದು ಅಮರಪ್ಪ ಸಾರಿದ. ಕೇಳಿದ ಜನಕ್ಕೆ ಮೊದಲು ಬಂದದ್ದು ಸಂತೋಷವಲ್ಲ, ಗವಿಸಿದ್ದಪ್ಪನ ಯೋಚನೆ.

ಊರಿಗೆ ಬೇಕಾದದ್ದು ಬಸ್ಸು. ಯಲಬುರ್ಗಾಕ್ಕೆ ಹೋಗುವ ಬಸ್ಸು ಎರಡು ಮೈಲಿ ಆಚೆ ಡಾಂಬರು ರಸ್ತೆಯಲ್ಲಿ ಹೋಗುತ್ತಿತ್ತು. ಅಲ್ಲಿಯ ತನಕ ಬಂಡಿ ಜಾಡು. ಮಳೆ ಬಿದ್ದರೆ ಎರೆಮಣ್ಣು ಒಂದೊಂದು ಕಾಲಿಗೂ ಒಂದೊಂದು ಒರಳುಕಲ್ಲಿನಷ್ಟು ಮೆತ್ತಿಕೊಳ್ಳುತ್ತಿತ್ತು. ಊರಿನ ಸಾಲೆ ಏಳನೆಯ ಇಯತ್ತೆಗೆ ಮುಗಿಯುತ್ತಿತ್ತು. ಗಂಡುಹುಡುಗರು ಚಪ್ಪಲಿ ಕಂಕುಳಲ್ಲಿಟ್ಟುಕೊಂಡು ನಡೆದು ಬಸ್ಸು ಹಿಡಿದು ಹೈಸ್ಕೂಲಿಗೆ ಹೋದರು. ಹೆಣ್ಣುಮಕ್ಕಳನ್ನು ಅಷ್ಟು ದೂರ ನಿರ್ಜನ ದಾರಿಯಲ್ಲಿ ಕಳಿಸುವವರಿರಲಿಲ್ಲ. ಏಳು ಮುಗಿಯಿತೆಂದರೆ ಅವರಿಗೆ ಒಲೆ, ಆಮೇಲೆ ಮದುವೆ.

ಗವಿಸಿದ್ದಪ್ಪನ ಒಬ್ಬಳೇ ಮಗಳು ಅನ್ನಮ್ಮ ಆ ವರ್ಷ ಏಳರಲ್ಲಿದ್ದಳು. ಹುಡುಗಿ ಚುರುಕು. ಮಿರ್ಚಿ ಕಟ್ಟಿಕೊಟ್ಟ ಕಾಗದವನ್ನೂ ಎಣ್ಣೆ ಒರೆಸಿ ಓದುವವಳು. ಅವಳು ಓದುವುದನ್ನು ನೋಡುತ್ತ ಗವಿಸಿದ್ದಪ್ಪ ತನ್ನ ರೊಟ್ಟಿ ತಣ್ಣಗಾಗುವುದನ್ನೂ ಮರೆಯುತ್ತಿದ್ದ. ಜಗತ್ತಿನಲ್ಲಿ ಅವನು ತಕರಾರು ತೆಗೆಯದ ಒಂದೇ ವಸ್ತು ಆ ಹುಡುಗಿ.

ಆದರೆ ಯಂಕವ್ವನ ಲೆಕ್ಕ ಬೇರೆ. ಕುಷ್ಟಗಿ ಕಡೆ ಅವಳ ಅಣ್ಣನಿದ್ದ. ಅವನ ಮಗ ಹೇಮಪ್ಪನಿಗೆ ಅನ್ನಮ್ಮನನ್ನು ಕೇಳಿ ಎರಡು ಸಲ ಹೇಳಿಕಳಿಸಿದ್ದ.

"ನೋಡು, ಊರಾಗ ಬಸ್ ಬಂದು ನಿಂತ್ರ ಹುಡುಗೀನ್ನ ಹೈಸ್ಕೂಲಿಗೆ ಕಳಸ್ತೀನಿ" ಎಂದಳು ಯಂಕವ್ವ. "ಬರಲಿಲ್ಲ ಅಂದ್ರ ನಮ್ಮಣ್ಣಗ ಹ್ಞೂಂ ಅಂತೀನಿ. ದೊಡ್ಡಾಕಿ ಆಗೂ ಹುಡುಗೀನ್ನ ಮನ್ಯಾಗ ಇಟ್ಕೊಂಡು ನೀರ ಕೊಡ ಎಣಸ್ಲೇನು?"

"ಬಸ್ ಬರತೈತಿ" ಎಂದ ಗವಿಸಿದ್ದಪ್ಪ.

"ನೀ ಬಾಯಿ ತಗದ್ರ ಬರೂದಿಲ್ಲ" ಎಂದಳು ಯಂಕವ್ವ.

ಕೈಪಂಪಿಲ್ಲದ ಬೇಸಿಗೆಯ ಕೊಡಗಳು ಸಾಲಾಗಿ ಗವಿಸಿದ್ದಪ್ಪನ ಕಣ್ಣ ಮುಂದೆ ಬಂದು ನಿಂತವು.

ಜೋಳ ತೆನೆ ಕಟ್ಟುವ ಹೊತ್ತಿಗೆ ಸಭೆ ಸೇರಿತು. ಗಂಡಸರೆಲ್ಲ ಕಟ್ಟೆಯ ಮೇಲೆ, ಹೆಂಗಸರು ಎಂದಿನಂತೆ ಹಿಂದೆ ಬೇವಿನ ಗಿಡದ ಹತ್ತಿರ ನಿಂತು. ಬಸವಣ್ಣೆಮ್ಮ ಮೆಂಬರಾಗಿದ್ದರೂ ಕಟ್ಟೆ ಏರುವುದು ಹೆಣ್ಣಿಗೆ ಸಲ್ಲದೆಂದು ಅವಳೂ ನಿಂತೇ ಇದ್ದಳು. ಗವಿಸಿದ್ದಪ್ಪ ಬಂದು ಮೂಲೆಯ ಕಲ್ಲಿನ ಮೇಲೆ ಕೂತ. ಕೂತ ಕೂಡಲೇ ಅನ್ನಮ್ಮ ಓಡಿಬಂದು ಅವನೆದುರಿಗೆ ಅಂಗೈ ಚಾಚಿದಳು. ಅಂಗೈಯಲ್ಲಿ ಸುಣ್ಣ ಹಚ್ಚಿ ಮಡಚಿದ ಎಲೆ, ಅದರೊಳಗೆ ಅಡಿಕೆ. ಮಡಚಿದ್ದು ಬಸವಣ್ಣೆಮ್ಮ, ಸುಣ್ಣ ಹಚ್ಚಿದ್ದು ಯಂಕವ್ವ. ಸುಣ್ಣ ಎಷ್ಟಿತ್ತೆಂದರೆ ಒಂದು ಗೋಡೆ ಬಳಿಯಬಹುದಿತ್ತು.

"ಅಪ್ಪಾ, ಇದೊಂದ ಸಲ" ಎಂದಳು ಅನ್ನಮ್ಮ.

ಕಟ್ಟೆಗೆ ಕಟ್ಟೆಯೇ ಕತ್ತು ಚಾಚಿ ನೋಡಿತು. ಸಭೆ ಶುರುವಾಗುವ ಮೊದಲೇ ಎಲೆ-ಅಡಿಕೆ ಹಾಕಿಕೊಂಡವನು ಊರಿನ ಚರಿತ್ರೆಯಲ್ಲಿ ಇರಲಿಲ್ಲ. ಗವಿಸಿದ್ದಪ್ಪ ಮಗಳ ಮುಖ ನೋಡಿದ, ಎಲೆ ನೋಡಿದ, ಬಾಯಿಗಿಟ್ಟುಕೊಂಡ. ಯಾರೋ ಚಪ್ಪಾಳೆ ತಟ್ಟಿದರು. ಅಮರಪ್ಪನ ಮುಖ ಚುನಾವಣೆ ಗೆದ್ದ ದಿನವೂ ಅಷ್ಟು ಅರಳಿರಲಿಲ್ಲ.

ಅಂಥ ಸಭೆ ಊರು ಹಿಂದೆಂದೂ ಕಂಡಿರಲಿಲ್ಲ. ಅಮರಪ್ಪ ಕೋಲು ಹಿಡಿದು ನೆಲದ ಮೇಲೆ ಗೆರೆ ಎಳೆದ: ಇದು ಡಾಂಬರು ರಸ್ತೆ, ಇದು ಹಳ್ಳ, ಇದು ಹನುಮಪ್ಪನ ಗುಡಿ, ಇದು ಕಟ್ಟೆ. ದಾರಿ ಕೂಡಿಕೊಂಡ ಹೊಲದವರೆಲ್ಲ ಬದುವಿನ ಕಡೆ ಒಂದೊಂದು ಪಟ್ಟಿ ಬಿಡಬೇಕು. ಮೇಲೆ ಹಾಸುವ ಮೊರಂ ಮಣ್ಣು ಮಂಡಲದ್ದು, ಕೈಕೆಲಸ ಊರಿನದ್ದು. ರಸ್ತೆ ಕಟ್ಟೆಯ ಮುಂದೆ ಬಂದು ಮುಟ್ಟಿತೆಂದರೆ ಮುಂಜಾನೆ ಒಂದು, ಸಂಜೆ ಒಂದು ಬಸ್ಸು ಊರೊಳಗೆ ಕಳಿಸುತ್ತೇವೆಂದು ಬಸ್ಸಿನವರು ಒಪ್ಪಿದ್ದಾರೆ. ಯಾವ ಹೊಲದವನೂ ಉಸಿರೆತ್ತಲಿಲ್ಲ. ಗವಿಸಿದ್ದಪ್ಪನೇ ಸುಮ್ಮನಿರುವಾಗ ತಾನು ಬಾಯಿ ತೆರೆದು ಅವನ ಜಾಗ ಹಿಡಿಯಲು ಯಾರಿಗೆ ಮನಸ್ಸಿದೆ?

ಗವಿಸಿದ್ದಪ್ಪ ಸುಣ್ಣದ ಉರಿಗೆ ಕಣ್ಣಲ್ಲಿ ನೀರು ತುಂಬಿಕೊಂಡು ನೆಲದ ಮೇಲಿನ ಗೆರೆ ನೋಡುತ್ತ ಕೂತಿದ್ದ. ಮನಸ್ಸಿನಲ್ಲೇ ಬಸ್ಸನ್ನು ಗೆರೆಯ ಮೇಲೆ ಓಡಿಸಿದ. ಡಾಂಬರು ರಸ್ತೆ ಬಿಟ್ಟಿತು, ಹಳ್ಳ ದಾಟಿತು, ಊರೊಳಗೆ ಬಂತು, ಕಟ್ಟೆಯ ಮುಂದೆ ನಿಂತಿತು. ಅನ್ನಮ್ಮ ಪಾಟಿಚೀಲ ಹಿಡಿದು ಹತ್ತಿದಳು. ಕಂಡಕ್ಟರ್ ರೈಟ್ ಎಂದ. ಆಮೇಲೆ? ಬಸ್ಸಿನ ಮೂತಿ ಹನುಮಪ್ಪನ ಕಡೆ, ಯಲಬುರ್ಗಾ ಇರುವುದು ಅದರ ಬೆನ್ನ ಕಡೆ. ಎಡಕ್ಕೆ ಮನೆ, ಬಲಕ್ಕೆ ಮನೆ, ನಡುವೆ ಕಟ್ಟೆ. ಇದು ತಿರುಗುವುದೆಲ್ಲಿ?

"ಊಂ" ಎಂದ ಗವಿಸಿದ್ದಪ್ಪ. ಗಲ್ಲದ ಮೇಲೆ ಕೆಂಪು ರಸ ಇಳಿಯಿತು. ಬೇವಿನ ಗಿಡದ ಹತ್ತಿರದಿಂದ ಅನ್ನಮ್ಮ ಅವನನ್ನೇ ನೋಡುತ್ತಿದ್ದಳು. ಅವಳ ಪಕ್ಕದಲ್ಲಿ ಯಂಕವ್ವ ಹುಬ್ಬು ಗಂಟುಹಾಕಿದಳು. ಅಷ್ಟು ದೊಡ್ಡ ಸರ್ಕಾರ, ಅಷ್ಟು ದೊಡ್ಡ ಗಾಡಿ, ತಿರುಗುವುದಕ್ಕೆ ಏನೋ ಒಂದು ಹಿಕಮತ್ತು ಇಟ್ಟೇ ಇರುತ್ತಾರೆ ಎಂದು ಗವಿಸಿದ್ದಪ್ಪ ತನಗೆ ತಾನೇ ಹೇಳಿಕೊಂಡ. ರಸವನ್ನೂ ತಕರಾರನ್ನೂ ಕೂಡಿಯೇ ನುಂಗಿದ. ಅಮರಪ್ಪ ಮೂರು ಸಲ ಕೂಗಿದ. ಮೂರೂ ಸಲ ಹನುಮಪ್ಪನ ಗುಡಿಯ ಪಾರಿವಾಳಗಳು ಬಿಟ್ಟರೆ ಯಾರೂ ಸದ್ದು ಮಾಡಲಿಲ್ಲ.

ಉಳಿದವರಿಗೆ ಇದು ಯಾಕೆ ಹೊಳೆಯಲಿಲ್ಲ ಎಂದರೆ, ಊರಿನದ್ದು ಬಂಡಿಯ ಬುದ್ಧಿ. ಬಂಡಿಗೆ ತಿರುಗುವ ಜಾಗ ಯಾರು ಬಿಡುತ್ತಾರೆ? ಎತ್ತು ಬಿಚ್ಚಿ, ನೊಗ ಇಳಿಸಿ, ನಾಲ್ಕು ಜನ ಹಿಂದೆ ಮುಂದೆ ಹಿಡಿದರೆ ಬಂಡಿ ನಿಂತಲ್ಲೇ ತಿರುಗುತ್ತದೆ. ಹುಟ್ಟಿದಾಗಿನಿಂದ ಹಾಗೆ ತಿರುಗಿಸಿದವರು ರಸ್ತೆಯನ್ನೂ ಹಾಗೆಯೇ ಮಾಡಿದರು. ಸುಗ್ಗಿ ಮುಗಿದದ್ದೇ ತಡ, ಗಂಡು ಹೆಣ್ಣು ಎನ್ನದೆ ಬುಟ್ಟಿ ಹೊತ್ತರು. ಅಳೆಯಲು ಬಂದ ಓವರಸಿಯರು ಉದ್ದ ಅಳೆದ, ಅಗಲ ಅಳೆದ, ಅಮರಪ್ಪನ ಮನೆಯ ಹೋಳಿಗೆಯ ದಪ್ಪವನ್ನೂ ಅಳೆದು ಹೋದ. ಗವಿಸಿದ್ದಪ್ಪನೇ ಎಲ್ಲರಿಗಿಂತ ಹೆಚ್ಚು ಬುಟ್ಟಿ ಹೊತ್ತ. ಹೊತ್ತಾಗಲೆಲ್ಲ ಕಟ್ಟೆಯ ಕಡೆ ನೋಡುವನು, ಬಾಯಿ ತೆರೆಯುವನು, ಮುಚ್ಚುವನು.

ಅನ್ನಮ್ಮ ಏಳು ಪಾಸಾದಳು. ಸಾಲೆ ಶುರುವಾಗುವ ಮುಂಚೆ, ಒಂದು ಮುಂಜಾನೆ, ಬಸ್ಸು ಬಂತು. ಬಾಳೆಕಂಬ, ಮಾವಿನ ತೋರಣ, ಡೊಳ್ಳು, ಆರತಿ. ಡ್ರೈವರ್ ಶಬ್ಬೀರಸಾಬನ ಕೊರಳಿಗೆ ಹಾರ ಹಾಕಿ, ಹಣೆಗೆ ಕುಂಕುಮ ಬೇಡವೆಂದು ನೆನಪಾಗಿ ಅದನ್ನು ಬಸ್ಸಿನ ಹಣೆಗೆ ಹಚ್ಚಿದರು. ತೆಂಗಿನಕಾಯಿ ಒಡೆದರು. ಬಸವಣ್ಣೆಮ್ಮ ಮನೆಗೆ ಬಂದ ಸೊಸೆಗೆ ತೆಗೆಯುವಂತೆ ಬಸ್ಸಿಗೆ ದೃಷ್ಟಿ ತೆಗೆದಳು. ಸಾಲೆ ಇನ್ನೂ ಶುರುವಾಗದಿದ್ದರೂ ಅನ್ನಮ್ಮ ಪಾಟಿಚೀಲ ಹಿಡಿದು ಎಲ್ಲರಿಗಿಂತ ಮೊದಲು ಹತ್ತಿ ಕಿಟಕಿಯ ಹತ್ತಿರ ಕೂತಳು. ಶಬ್ಬೀರಸಾಬ ಹಾರ ಸರಿಮಾಡಿಕೊಂಡು ಸುತ್ತ ನೋಡಿದ.

"ಎಲ್ಲಾ ಛಲೋ ಆತು. ಎಲ್ಲಿ ತಿರುಗಿಸ್ಲಿ ಈಗ?"

ಡೊಳ್ಳು ನಿಂತಿತು.

"ಇಲ್ಲೇ ತಿರುಗಿಸ್ರಲಾ" ಎಂದ ಅಮರಪ್ಪ.

"ಇಲ್ಲಿ ಅಂದ್ರ ಎಲ್ಲಿ? ಕಟ್ಟಿ ಮ್ಯಾಲೇನು?"

"ಅದಕ್ಯಾಕ ಚಿಂತಿ ಮಾಡತೀರಿ ಸಾಹೇಬ್ರ? ಮಂದಿ ಅದೀವಿ" ಎಂದು ಗಟ್ಟಿ ಹುಡುಗರ ಒಂದು ದಂಡು ಧೋತರ ಮೇಲೆ ಕಟ್ಟಿ ಬಸ್ಸಿನ ಹಿಂಭಾಗಕ್ಕೆ ಕೈಹಚ್ಚಿತು. "ಹೈಸಾ" ಎಂದು ಎತ್ತಿಯೂ ಎತ್ತಿದರು. ಬಸ್ಸು ಅಲುಗಲಿಲ್ಲ, ಒಬ್ಬನ ಧೋತರ ಮಾತ್ರ ಹಿಂದಿನ ಕಡೆ ಪರ್ರೆಂದು ಹರಿದು ಹೆಂಗಸರೆಲ್ಲ ಗುಡಿಯ ಕಡೆ ಮುಖ ತಿರುಗಿಸಿದರು. ಶಬ್ಬೀರಸಾಬ ಹಾರದ ಸಮೇತ ಸ್ಟೇರಿಂಗಿನ ಮೇಲೆ ಹಣೆ ಇಟ್ಟು ನಕ್ಕ. ನಕ್ಕು ಮುಗಿಸಿ, ಇರುವ ಎರಡು ಮೈಲಿಯನ್ನೂ ಹಿಂದು ಹಿಂದಕ್ಕೇ ಹೊರಟ. ಹಿಂದೆ ಕಂಡಕ್ಟರ್ ಸೀಟಿ ಊದಿ ದಾರಿಯ ಕುರಿ ಓಡಿಸುತ್ತ, ಬಸ್ಸಿನ ಮೂತಿಯ ಕಡೆ ಊರಿಗೆ ಊರೇ ಬೆನ್ನುಹತ್ತಿ. ಹಳ್ಳದ ಹತ್ತಿರ ಗಾಲಿ ಮೊರಂ ಬಿಟ್ಟು ಎರೆಗೆ ಇಳಿಯಿತು. ಹಿಂದಿನ ದಿನವಷ್ಟೇ ಮಳೆಯಾಗಿತ್ತು. ಊರಿನ ಎತ್ತುಗಳನ್ನೆಲ್ಲ ಕಟ್ಟಿ ಎಳೆದಾಗ ಬಸ್ಸು ಮೇಲೆ ಬಂತು, ಶಬ್ಬೀರಸಾಬನ ನಗು ಮಾತ್ರ ಎರೆಯಲ್ಲೇ ಉಳಿಯಿತು.

"ತಿರುಗೂ ಜಾಗ ಮಾಡಿ ಹೇಳಿ ಕಳಸ್ರಿ. ಅಲ್ಲೀಮಟ ಗಾಡಿ ಟಾರ್ ರೋಡಿನ ಮ್ಯಾಲೆ" ಎಂದು ಅವನು ಹೋದ. ಕಿಟಕಿಯ ಸೀಟು ಬಿಟ್ಟು ಇಳಿದ ಅನ್ನಮ್ಮ ಹೊಸ ಲಂಗಕ್ಕೆ ಮಣ್ಣು ಮೆತ್ತಿಕೊಂಡು ಹಳ್ಳದಿಂದ ಅಪ್ಪನ ಪಕ್ಕದಲ್ಲಿ ನಡೆದು ವಾಪಸು ಬಂದಳು. ಗವಿಸಿದ್ದಪ್ಪನಿಗೆ ಅಷ್ಟು ಸಂಕಟ ಹೆಣ ಹೊತ್ತಾಗಲೂ ಆಗಿರಲಿಲ್ಲ.

ಮನೆ ಮುಟ್ಟುವಷ್ಟರಲ್ಲಿ ಅಂಗಳದ ತುಂಬ ಜನ. ಎದುರಿಗೆ ಅಮರಪ್ಪ, ಇಸ್ತ್ರಿ ಧೋತರವೆಲ್ಲ ಕೆಸರು.

"ಗವಿಸಿದ್ದಾ, ಖರೆ ಹೇಳು. ನಿನಗ ಗೊತ್ತಿತ್ತೋ ಇಲ್ಲೋ?"

"ಗೊತ್ತಿತ್ರಿ."

"ಮತ್ತ ಯಾಕ ಹೇಳಲಿಲ್ಲೋ ಹಾಳಾದವನ?"

"ಬಾಯಾಗ ಎಲಿ ಇತ್ರಿ."

"ಹುಟ್ಟಿದಾಗಿಂದ ಬ್ಯಾಡಂದ್ರೂ ಬೊಗಳಿದಿ. ಬೇಕಾದಾಗ ಬಾಯಾಗ ಎಲಿ!" ಅಮರಪ್ಪ ಅಂಗಳದಲ್ಲೇ ಕೂತ. "ತಪ್ಪಿದ್ರ ಗವಿಸಿದ್ದ ಹೇಳೇ ಹೇಳತಾನಂತ ನಾವ್ಯಾರೂ ವಿಚಾರಾನ ಮಾಡಲಿಲ್ಲಲೋ. ಊರಿಗೆ ಊರ ನಿನ್ನ ನಂಬಿ ಕುಂತಿತ್ತು."

ಜನ್ಮವಿಡೀ ತನ್ನನ್ನು ಶಪಿಸಿದ ಊರು, ಯೋಚನೆ ಮಾಡುವ ಕೆಲಸವನ್ನು ಗುತ್ತಿಗೆ ಕೊಟ್ಟದ್ದು ತನಗೇ ಎಂದು ಗವಿಸಿದ್ದಪ್ಪನಿಗೆ ಅಂದೇ ಗೊತ್ತಾದದ್ದು. ಯಂಕವ್ವ ಬಾಗಿಲಲ್ಲಿ ನಿಂತು ಎಲ್ಲ ಕೇಳಿದಳು. ಎಲೆ ಬಾಯಿಗಿಡಿಸಿದ್ದು ತಾನೇ ಎಂಬುದು ಅವಳಿಗೆ ಮರೆತಿರಲಿಲ್ಲ. ಹಾಗೆಂದು ಒಪ್ಪಿಕೊಳ್ಳುವ ಹೆಂಗಸೂ ಅಲ್ಲ. "ಅಣ್ಣನ ಕಡಿಂದ ಮಂದಿ ಬರೋರದಾರ. ಬರೂ ಸ್ವಾಮಾರ" ಎಂದಷ್ಟೇ ಹೇಳಿ ಒಳಗೆ ಹೋದಳು. ಅನ್ನಮ್ಮ ಪಾಟಿಚೀಲವನ್ನು ಗೂಟಕ್ಕೆ ಹಾಕಿ ಒಲೆಯ ಮುಂದೆ ಕೂತಳು.

ಭಾನುವಾರ ಸಂಜೆ ಮತ್ತೆ ಸಭೆ. ಈ ಸಲ ಎಲೆ-ಅಡಿಕೆ ಕೊಡಲು ಯಾರೂ ಬರಲಿಲ್ಲ, ಗವಿಸಿದ್ದಪ್ಪನ ಬಾಯಿ ಖಾಲಿ ಇತ್ತು. ಆದರೆ ಅವನಿಗೆ ಮಾತಾಡಲು ಸರದಿಯೇ ಸಿಗಲಿಲ್ಲ, ಯಾಕೆಂದರೆ ಊರೆಲ್ಲ ಗವಿಸಿದ್ದಪ್ಪನಾಗಿತ್ತು. ತಿರುಗುವ ಜಾಗವನ್ನು ಗುಡಿ ಪಕ್ಕದ ಮನೆಯ ಅಂದಪ್ಪನ ಹಿತ್ತಲಲ್ಲಿ ಮಾಡೋಣವೆಂದರೆ ಅಂದಪ್ಪ, "ಬಸ್ಸಿನ ಹೊಗಿಗೆ ನಮ್ಮ ಎಮ್ಮಿ ಹಾಲ ಬತ್ತಿದ್ರ?" ಎಂದ. ಅಮರಪ್ಪನ ಬಣವೆ ದೊಡ್ಡಿ ಎಂದರೆ ಅಮರಪ್ಪನೇ ಪ್ರಧಾನಗಿರಿ ಮರೆತು, "ಕಿಡಿ ಹಾರಿ ಬಣಿವಿ ಸುಟ್ರ ಯಾರು ಹೊಣಿ?" ಎಂದ. ಊರ ಹೊರಗಿನ ಹೊಲ ಎಂದರೆ ಆ ಹೊಲದ ದುರುಗಪ್ಪ ಎದ್ದು, "ಪಟ್ಟಿ ಬಿಟ್ಟೀನಿ, ಇನ್ನ ಮೈಮ್ಯಾಲಿನ ಅಂಗಿ ಬಿಚ್ಚಿಕೊಡ್ಲೇನು?" ಎಂದ. ಯಾರೋ ಮುದುಕ ಹಳೆಯದನ್ನು ನೆನಪಿಟ್ಟುಕೊಂಡು, ಬಸ್ಸಿಗೂ ಎತ್ತು ಮೈ ತಿಕ್ಕುತ್ತವೆ ಎಂದ.

ಮೂಲೆಯ ಕಲ್ಲಿನ ಮೇಲೆ ಕೂತು ಗವಿಸಿದ್ದಪ್ಪ ಕೇಳಿದ. ಎಲ್ಲ ಅವನವೇ ಮಾತು, ಬೇರೆಯವರ ಬಾಯಲ್ಲಿ. ತನ್ನ ದನಿ ಇಷ್ಟು ಕೆಟ್ಟದ್ದೆಂದು ಅವನಿಗೆ ಗೊತ್ತೇ ಇರಲಿಲ್ಲ. ಆ ಬೇಸಿಗೆಯ ಕೊಡಗಳು ನೆನಪಾಗಿ ನಾಚಿಕೆಯಾಯಿತು. ಬೇವಿನ ಗಿಡದ ಹತ್ತಿರ ಇವತ್ತು ಅನ್ನಮ್ಮ ಇರಲಿಲ್ಲ. ನಾಳೆ ಸೋಮವಾರ.

ಅವನು ಎದ್ದು ನಿಂತ. "ನಂದೊಂದು ಮಾತೈತ್ರಿ."

"ಈಗ ಬಂತೇನೋ ನಿನ್ನ ಬಾಯಿ?" ಎಂದು ಯಾರೋ ಕೂಗಿದರು.

"ಅಂದಪ್ಪಂದೂ ಬ್ಯಾಡ, ಅಮರಪ್ಪಂದೂ ಬ್ಯಾಡ. ಯಾರದೂ ಅಲ್ಲದ್ದು ಒಂದ ಐತಿ. ಇದನ್ನ ತಗೀರಿ" ಎಂದು ಗವಿಸಿದ್ದಪ್ಪ ಹಿಮ್ಮಡಿಯಿಂದ ಕಟ್ಟೆಯನ್ನು ತಟ್ಟಿದ. "ಇದನ್ನ ತಗದ್ರ ಬಸ್ ಗುಡಿ ಮುಂದ ಚಕ್ಕಡಿ ಗಾಲಿ ಹಂಗ ತಿರಗತೈತಿ."

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಎದ್ದ ಗದ್ದಲಕ್ಕೆ ಗುಡಿಯ ಪಾರಿವಾಳಗಳೆಲ್ಲ ಊರು ಬಿಟ್ಟವು. ಹಿರಿಯರು ಕಟ್ಟಿದ ಕಟ್ಟೆ, ನ್ಯಾಯ ಕೂಡುವ ಕಟ್ಟೆ, ಇದನ್ನು ಒಡೆದರೆ ಊರಿಗೆ ಏನು ಉಳಿಯಿತು? ಹುಚ್ಚು ಹಿಡಿದಿದೆ ಇವನಿಗೆ!

"ಮೂಲಿ ಕಲ್ಲು ನಂದು. ನಮ್ಮಪ್ಪ, ನಮ್ಮಜ್ಜ ಕುಂತದ್ದು" ಎಂದ ಗವಿಸಿದ್ದಪ್ಪ. "ಮೊದಲ ಅದನ್ನ ತಗೀರಿ. ಕುಂಡಿಗೆ ಜಾಗ ಎಲ್ಲ್ಯಾರ ಸಿಗತೈತಿ."

"ಕಟ್ಟಿ ತಗದ್ರ ನಾವೆಲ್ಲಾ ಎಲ್ಲಿ ಕುಂದ್ರೂಣು?" ಎಂದು ಅಂದಪ್ಪ ಅಳುವಂತೆ ಕೇಳಿದ.

ಉತ್ತರ ಹಿಂದಿನಿಂದ ಬಂತು. "ಇಷ್ಟ ವರ್ಷ ನಾವೆಲ್ಲಿ ಕುಂತೀವಿ?" ಎಂದಳು ಬಸವಣ್ಣೆಮ್ಮ. "ನಾ ಮೆಂಬರಾಗಿ ವರ್ಷದ ಮ್ಯಾಲಾತು. ನಿಂತ ನಿಂತ ಹಿಂಬಡ ಸೀಳ್ಯಾವು. ನಮಗ ನೋಯಲಾರದ್ದು ನಿಮಗ್ಯಾಕ ನೋಯತೈತಿ?"

ಬಸವಣ್ಣೆಮ್ಮ ಕೆಳಗಿನಿಂದಲೇ ಎಲೆ-ಅಡಿಕೆಯ ತಟ್ಟೆಯನ್ನು ಕಟ್ಟೆಯ ಅಂಚಿಗೆ ತಳ್ಳಿದಳು. ಅಮರಪ್ಪ ಹಣೆ ಒರೆಸಿಕೊಂಡು ಎದ್ದ. ತನ್ನ ಬಣವೆ ಉಳಿಯಿತಲ್ಲ ಎಂಬ ಸಮಾಧಾನ ಅವನ ದನಿಯಲ್ಲಿ ಇತ್ತೆಂದು ಕೆಲವರು ಇಂದಿಗೂ ಹೇಳುತ್ತಾರೆ. "ಯಾರದಾರ ತಕರಾರ ಐತೇನ್ರಪಾ?" ಎಂದ. ಜನ ಅಭ್ಯಾಸಬಲದಿಂದ ಗವಿಸಿದ್ದಪ್ಪನ ಕಡೆ ನೋಡಿದರು. ಎರಡನೆಯ ಸಲಕ್ಕೂ ನೋಡಿದರು. ಮೂರನೆಯ ಸಲ ಕೂಗುವ ಹೊತ್ತಿಗೆ ಗವಿಸಿದ್ದಪ್ಪ ತಾನೇ ಹೋಗಿ ತಟ್ಟೆಯಿಂದ ಎಲೆ ಎತ್ತಿ ಬಾಯಿಗಿಟ್ಟುಕೊಂಡಿದ್ದ.

ಮರುದಿನ ಬೆಳಕು ಹರಿಯುವ ಮುಂಚೆ ಹಾರೆಯ ಸದ್ದು. ಕುಷ್ಟಗಿಯ ಅಣ್ಣನ ಕಡೆಯವರು ಊಟದ ಹೊತ್ತಿಗೆ ಬಂದಾಗ ಬೀಗರಾಗಬೇಕಾದವರು ಮೈಗೆ ಮಣ್ಣು ಮೆತ್ತಿಕೊಂಡು ಕಲ್ಲು ಹೊರುತ್ತಿದ್ದರು. ಯಂಕವ್ವ ತಲೆಯ ಮೇಲಿನ ಬುಟ್ಟಿ ಇಳಿಸದೆಯೇ, "ಅಣ್ಣಗ ಹೇಳ್ರಿ, ಹುಡುಗಿ ಹೈಸ್ಕೂಲಿಗೆ ಹೊಂಟಾಳ. ಹೇಮಪ್ಪಗ ಬ್ಯಾರೆ ಕಡೆ ನೋಡ್ರಿ" ಎಂದಳು. ಹೇಳಿ ಗಂಡನ ಕಡೆ ತಿರುಗಿ ನೋಡಲೂ ಇಲ್ಲ. ಗವಿಸಿದ್ದಪ್ಪ ಕಲ್ಲಿನ ಮರೆಗೆ ಹೋಗಿ ಕಣ್ಣೊರೆಸಿಕೊಂಡ.

ಅದೇ ವಾರ ಶಬ್ಬೀರಸಾಬ ಬಂದು, ಕಟ್ಟೆ ಇದ್ದ ಜಾಗದಲ್ಲಿ ಬಸ್ಸನ್ನು ಒಂದೇ ಏಟಿಗೆ ತಿರುಗಿಸಿ, ಖುಷಿಗೆ ಇನ್ನೊಂದು ಸುತ್ತು ಹೆಚ್ಚಿಗೆ ಹೊಡೆದ. ಅನ್ನಮ್ಮ ಹೋದಳು. ಅವಳ ಹಿಂದೆ ಅಂದಪ್ಪನ ಮಗಳು ಶಂಕ್ರಮ್ಮನೂ ಹೋದಳು. ಕಟ್ಟೆಯ ಕಲ್ಲುಗಳು ಹಳ್ಳದ ದಾರಿಯ ಅಂಚಿಗೆ ಹೋದವು, ಮೂಲೆಯ ಕಲ್ಲೊಂದನ್ನು ಮಾತ್ರ ಗವಿಸಿದ್ದಪ್ಪ ಬಂಡಿಯಲ್ಲಿ ಹೇರಿ ಮನೆಯ ಬಾಗಿಲಿಗೆ ತಂದು ಹಾಕಿದ. ಸಭೆ ಈಗ ಬೇವಿನ ಗಿಡದ ಕೆಳಗೆ ತಾಡಪತ್ರಿ ಹಾಸಿ ನಡೆಯುತ್ತದೆ. ಹತ್ತಲು ಕಟ್ಟೆಯೇ ಇಲ್ಲವಾದ್ದರಿಂದ ಹೆಂಗಸರೂ ಕೂರುತ್ತಾರೆ. ಮೊದಲನೆಯ ಸಭೆಯಲ್ಲೇ ಕೈಪಂಪಿನ ಮಾತು ಬಂತು. ಹಿಡಿಕೆ ಯಾವ ಕಡೆ ಎಂದು ಯಾರೋ ಕೇಳಿದರು. "ನೀರ ಬರೂ ಕಡೆ" ಎಂದಳು ಬಸವಣ್ಣೆಮ್ಮ, ಮಾತು ಮುಗಿಯಿತು.

ಶ್ರಾವಣದ ಒಂದು ಸಂಜೆ. ಗವಿಸಿದ್ದಪ್ಪ ಬಾಗಿಲ ಕಲ್ಲಿನ ಮೇಲೆ ಕೂತಿದ್ದ. ಬಸ್ಸಿನಿಂದ ಇಳಿದ ಅನ್ನಮ್ಮ ಮುಖ ಊದಿಸಿಕೊಂಡು ಬಂದು ಎದುರಿಗೆ ನಿಂತಳು.

"ಅಪ್ಪಾ, ನಾಳಿ ನೀ ಸಾಲಿಗೆ ಬರಬೇಕಂತ. ಮಾಸ್ತರು ಹೇಳ್ಯಾರ."

"ಯಾಕ, ಏನ ಮಾಡಿದಿ?"

"ಪಾಠದಾಗ ಬರದಿತ್ತು, ಗ್ರಾಮಸಭಾದಾಗ ಊರಿನವರೆಲ್ಲಾ ಕೂಡಿ ಕುಂತು ತೀರ್ಮಾನ ಮಾಡತಾರ ಅಂತ. ನಾ ಎದ್ದು, ಎಲ್ಲಾರೂ ಕುಂದ್ರೂದಿಲ್ಲ ಸರ್, ನಮ್ಮೂರಾಗ ಕಟ್ಟಿ ಒಡಿಯೂಮಟ ಹೆಣಮಕ್ಕಳು ನಿಂತಿದ್ರು ಅಂದೆ. ಪುಸ್ತಕದಾಗ ಹಂಗಿಲ್ಲ, ಕುಂದ್ರು ಅಂದ್ರು. ಪುಸ್ತಕ ತಪ್ಪೈತ್ರಿ ಅಂದೆ. ಇಕಿ ಬಂದಾಗಿಂದ ದಿನಾ ಒಂದ ತಕರಾರು, ನಿಮ್ಮಪ್ಪನ್ನ ಕರ್ಕೊಂಡು ಬಾ ಅಂದ್ರು."

ಒಳಗಿನಿಂದ ಯಂಕವ್ವ ಸೌಟು ಹಿಡಿದೇ ಹೊರಗೆ ಬಂದಳು. "ಆತಲ್ಲ! ರಕ್ತ ಎಲ್ಲಿ ಹೋದೀತು? ನಾಳಿಂದ ಬಾಯಾಗ ಎಲಿ-ಅಡಕಿ ಇಟ್ಟ ಕಳಸ್ತೀನಿ ನಿನ್ನ" ಎಂದು ಬಾಗಿಲ ಪಕ್ಕದ ಗೂಟದಲ್ಲಿದ್ದ ಎಲೆಯ ಸಂಚಿಗೆ ಕೈ ಚಾಚಿದಳು.

ಅವಳ ಕೈ ಮುಟ್ಟುವ ಮೊದಲೇ ಗವಿಸಿದ್ದಪ್ಪ ಎದ್ದು ಸಂಚಿಯನ್ನು ಕಿತ್ತುಕೊಂಡ. ಅದನ್ನು ಮೂಲೆಯ ಕಲ್ಲಿನ ಮೇಲಿಟ್ಟು, ಅದರ ಮೇಲೆ ಗಟ್ಟಿಯಾಗಿ ಕೂತ.

"ಇಲ್ಲ" ಎಂದ. "ಅಕಿ ಬಾಯಿ ಖಾಲೀನ ಇರ್ಲಿ."